ನಾಲ್ಕೂ ಮುಕ್ಕಾಲರ ಟಪಾಲು

ನಾಲ್ಕೂ ಮುಕ್ಕಾಲಿಗೆ ನಾನು ತೆರೆಯಬೇಕಾದ ಡಬ್ಬಿ
ಬಂದರಿನ ಮೂಲೆಯ ಕೆಂಪು ಕಂಬ.
ಇವತ್ತು ಅದಕ್ಕೆ ಗಡ್ಡ ಬಂದಿದೆ.
ಕಂದು ಗಡ್ಡ, ಉಸಿರಾಡುವ ಗಡ್ಡ,
ಕಾಗದ ಹಾಕುವ ಬಾಯಿಂದ ಮೊಳದುದ್ದ ಇಳಿಬಿದ್ದು
ಗಾಳಿಗೆ ಮೆಲ್ಲಗೆ ಒಲೆಯುತ್ತಿದೆ.

ಕೀಲಿಕೈ ಗೊಂಚಲು ಹಿಡಿದು ನಿಂತೆ.
ಬೀಗ ಎಲ್ಲಿದೆಯೋ, ಅದೂ ನೊಣಗಳ ಪಾಲು.
ಐಸ್‌ಕ್ರೀಮ್ ಗಾಡಿಯ ಹುಡುಗ ಕಿಟಕಿ ಎಳೆದುಕೊಂಡ.
ಪ್ರವಾಸಿಗಳು ಫೋನೆತ್ತಿ
ಎರಡು ಹೆಜ್ಜೆ ಮುಂದೆ, ಮೂರು ಹೆಜ್ಜೆ ಹಿಂದೆ.
"ನೀರು ಹಾರಿಸಲೇ?" ಲೈಫ್‌ಬೋಟಿನ ಕಿಟ್ಟೋ ಕೇಳಿದ.
"ನಿನ್ನ ತಲೆಗೆ ಹಾರಿಸಿಕೋ"
ಎನ್ನುತ್ತಲೇ ಬಂದಳು ಲವ್‌ಡೇ ಪಾಸ್ಕೋ,
ಹಳೆ ಬೆಡ್‌ಶೀಟು, ರಟ್ಟಿನ ಪೆಟ್ಟಿಗೆ, ಕಡಲಹಕ್ಕಿಯ ಒಂದು ಗರಿ.
ಕೈಗವಸಿಲ್ಲ.

"ಪಾಲಾಗಿವೆ, ಅಷ್ಟೆ. ಹಳೆ ರಾಣಿ
ಮನೆಯನ್ನು ಮಗಳಿಗೆ ಬಿಟ್ಟು ಹೊರಟಿದ್ದಾಳೆ.
ಹೊಟ್ಟೆ ತುಂಬ ಬುತ್ತಿ ಕಟ್ಟಿಕೊಂಡವರು
ಕಚ್ಚುವ ಉಸಾಬರಿಗೆ ಹೋಗುವುದಿಲ್ಲ."

ಅವು ಇನ್ನಷ್ಟು ಒತ್ತಾಗಿ ಕೂರಲೆಂದು ಕಾದೆವು.
ಮನೆ ಹಿತ್ತಿಲ ಗೂಡಿನ ಬಾಗಿಲಲ್ಲಿ ಕೂತು
ಅವುಗಳ ಕಾಲು ಓದುತ್ತಾಳಂತೆ, ನಾನು ವಿಳಾಸ ಓದುವ ಹಾಗೆ.
ಇಟ್ಟಿಗೆ ಕೆಂಪಾದರೆ ಚರ್ಚಿನ ಹಿಂದಿನ ಚೆಸ್ಟ್‌ನಟ್,
ಮಸಿಯಾದರೆ ರೈಲ್ವೆ ದಿಬ್ಬದ ಗಸಗಸೆ,
ನೀಲಿ ಬಂದರೆ ಶಾಲೆಮಕ್ಕಳ ಫಸೀಲಿಯಾ.
ಬಂಡೆ ಮೇಲಿನ ಗೋರ್ಸ್ ಮುಳ್ಳುಪೊದೆ
ಯಾವ ತಿಂಗಳೂ ಮುನಿಯುವುದಿಲ್ಲ.
"ಮಿಸೆಸ್ ಹಾಕಿನ್ ತೀರಿಕೊಂಡ ವರ್ಷ
ಬೊರೇಜಿನ ಬೂದುಬಿಳಿ ನಿಂತೇಹೋಯಿತು.
ಅವಳ ತೋಟ ಈಗ ಜಲ್ಲಿ. ನಾಲ್ಕು ಕಾರು ಹಿಡಿಸುತ್ತವೆ."

ಆ ಬೀದಿ ನನಗೂ ಗೊತ್ತು.
ಹದಿನೆಂಟು ಬಾಗಿಲು, ಚಳಿಗಾಲದಲ್ಲಿ ಐದು ದೀಪ.
ಉಳಿದವಕ್ಕೆ ಗೋಡೆಯ ಕೀಲಿಡಬ್ಬಿ, ನಾಲ್ಕಂಕಿ ಗುಟ್ಟು,
ಪ್ಲಾಸ್ಟಿಕ್ ಹುಲ್ಲು.
ಹೆಸರು ಮಾತ್ರ ಚೆಂದ: ಅಲೆಯ ಮಡಿಲು, ಬೆಸ್ತನ ಬಿಡಾರ.
ಬೆಸ್ತ ಊರಾಚೆ ಕ್ಯಾರವಾನಿನಲ್ಲಿದ್ದಾನೆ.

ಗಡ್ಡದ ಮೇಲೆ ಕೆಲವು ನಡು ಅಲುಗಿಸಿ ಕುಣಿಯುತ್ತಿದ್ದವು.
"ಮನೆ ನೋಡಿ ಬಂದವರು," ಲವ್‌ಡೇ ಪಿಸುಗುಟ್ಟಿದಳು.
"ಒಬ್ಬಳು ಟೊಳ್ಳು ಸಿಕಮೋರ್ ಅನ್ನುತ್ತಾಳೆ, ಒಬ್ಬಳು ಗಂಟೆಗೋಪುರ.
ಸೋತವಳು ಸುಮ್ಮನಾಗುತ್ತಾಳೆ."
ನಮ್ಮ ಕೌನ್ಸಿಲಿನಲ್ಲಿ ಮನೆಗಳ ವಿಷಯ
ಆರು ವರ್ಷದಿಂದ ಮುಂದಿನ ಸಭೆಗೆ.

ಗರಿ ಆಡಿತು. ದೊಪ್ಪನೆ ಬಿತ್ತು ಭಾರ.
ಹೊರಗುಳಿದವು ಬಾಲವೆತ್ತಿ ಬೀಸಿದವು, ನಿಂಬೆ ಪರಿಮಳ,
ಮತ್ತೆ ಬಿಳಿಬಟ್ಟೆ ಹತ್ತಿ ಮೆರವಣಿಗೆಯಂತೆ ಒಳಗೆ.
ಆರು ಗಂಟೆಗೆ ಟಪಾಲು ತೆಗೆದೆ.
ಒಂದು ಪೋಸ್ಟ್‌ಕಾರ್ಡಿನ ಸಮುದ್ರದ ಮೇಲೆ
ಉಗುರಿನಷ್ಟು ಹೊಸ ಮೇಣ.
ಕೆರೆಯದೆ ಕಳಿಸಿದೆ.

ಬೆಳಿಗ್ಗೆ ಪೆಟ್ಟಿಗೆ ಖಾಲಿ.
ಮನೆಯ ಮಾತು ಅವರವರಲ್ಲೇ ಮುಗಿದಿತ್ತು.

ಎರಡು ವಾರದ ಮೇಲೆ ಅಲೆಯ ಮಡಿಲಿಗೊಂದು ರಿಜಿಸ್ಟರ್ ಕಾಗದ.
ಬೆಲ್ ಒತ್ತಿದೆ, ಅಭ್ಯಾಸಬಲ.
ಬಾಗಿಲ ಹಿತ್ತಾಳೆ ಮುಚ್ಚಳ ಎತ್ತಿದರೆ
ಮುಚ್ಚಿದ ಅಗ್ಗಿಷ್ಟಿಕೆಯ ಕಡೆಯಿಂದ ಗುಂಯ್ ಎಂದು
ಬೆಚ್ಚಗಿನ, ಸಿಹಿ ಉಸಿರು.
'ವಾಸವಿಲ್ಲ' ಎಂಬ ಚೌಕದ ಮೇಲೆ ಪೆನ್ನಿಟ್ಟೆ.
ಚಿಮಣಿಗೆ ಹೊರಟ ನೊಣವೊಂದು
ದಣಿವಾರಿಸಲು ಮಣಿಕಟ್ಟಿನ ಮೇಲೆ ಕೂತಿತು.

ಕಾಲಲ್ಲಿ ಬೂದುಬಿಳಿ.

ಎಲ್ಲಿ? ಜಲ್ಲಿಯ ಯಾವ ಸಂದಿಯಲ್ಲಿ?
ಕಾಗದ ಚೀಲಕ್ಕೆ ತುರುಕಿ ನೆಲ ನೋಡುತ್ತ ನಡೆದೆ.
ಲವ್‌ಡೇಗೆ ಹೇಳಬೇಕು.