ಟವೆಲ್ಲಿನ ಕೆಳಗೆ

ರಾಯಚೂರಿನ ಮೇ ತಿಂಗಳು.
ಕಾಲೇಜಿನ ಮೇಲ್ಮಹಡಿಯ ಹಾಲಿಗೆ ಒಂದೇ ಕೂಲರ್,
ಅದೂ ಮುಂದಿನ ಸಾಲಿಗೆ ಮಾತ್ರ ಉಸಿರು ಬಿಡುತ್ತಿತ್ತು.
ನಾವು ಮೂವತ್ತೆಂಟು ಮಂದಿ. ಐದು ದಿನ.
ಬ್ಯಾನರಿನ ಮೇಲೆ 'ಸ್ವಾತಂತ್ರ್ಯ' ಅಂತ ದೊಡ್ಡಕ್ಷರ,
'ಮತ್ತು ಅರ್ಥಶಾಸ್ತ್ರ' ಅಂತ ಸಣ್ಣಕ್ಷರ,
ಮೂಲೆಯಲ್ಲಿ ಗಂಟು ಬಿಚ್ಚಿ ಜೋತಾಡುವ ದಾರ.

ಪಾಠಕ್ಕೆ ಬಂದವರು ಪ್ರಭಾಮಣಿ ಮೇಡಂ.
ಮೊದಲ ದಿನವೇ ಅಂದರು: ಪುಕ್ಕಟೆ ಎಂಬುದು ಲೋಕದಲ್ಲಿಲ್ಲ.
ಅಂದ ಅರ್ಧ ತಾಸಿಗೆ ಊಟದ ಗಂಟೆ.
ಪುಕ್ಕಟೆ ರೊಟ್ಟಿ, ಪುಕ್ಕಟೆ ಪುಂಡಿಪಲ್ಯ.
ಮುದಗಲ್ಲಿನ ಖಾಜಾಹುಸೇನ ಮೂರನೆಯ ಸಲ ತಾಟು ಹಿಡಿದು
"ಯಾರ ಲೆಕ್ಕಕ್ಕ ಬರಕೋತಾರಲೇ ಇದನ್ನ?" ಅಂತ ನಕ್ಕ.
ಬಡಿಸುತ್ತಿದ್ದ ಸಂಗಮ್ಮ ನಗಲಿಲ್ಲ.
ಆಕೆಯ ಮುಂಗೈ ಮೇಲೆ ಹಂಚಿನ ಬರೆ ಇತ್ತು.

ಎರಡನೆಯ ದಿನ ಒಂದೊಂದು ಚೀಟಿ:
ಇಲ್ಲಿಗೆ ಬರಲು ಏನನ್ನು ಬಿಟ್ಟು ಬಂದಿರಿ, ಬರೆಯಿರಿ.
ಆಯ್ದುಕೊಂಡದ್ದರ ಬೆಲೆ ಅಂದರೆ
ಬಿಟ್ಟದ್ದೇ.
ಒಬ್ಬ ಬರೆದ: ನಿದ್ದೆ.
ಮಸ್ಕಿಯ ಹುಡುಗಿ: ಇಪ್ಪತ್ತು ಜಂಪರಿನ ಹೊಲಿಗೆ.
ಖಾಜಾ: ನಮ್ಮ ಟೀಮಿನ ಸೆಮಿಫೈನಲ್ಲು.
ನಾನು ಬರೆದೆ,
ಗುರುವಾರ ನನ್ನನ್ನು ನೋಡಲು ಬರುವವರಿದ್ದರು.
ಮಡಚಿದೆ. ಹೆಸರು ಹಾಕಲಿಲ್ಲ.

ಆಮೇಲೆ ದರದ ಪಾಠ.
ದರ ಎಂದರೆ ಸುದ್ದಿ, ಅಂದರು ಮೇಡಂ,
ಡಂಗುರವಿಲ್ಲದೆ ಊರೂರು ಮುಟ್ಟುವ ಸುದ್ದಿ.
ಸಿಂಧನೂರಿನ ಕಾಲುವೆಗೆ ನೀರು ತಡವಾದರೆ
ಅಕ್ಕಿಯ ಗಿರಣಿಗೆ ಗೊತ್ತಾಗುತ್ತದೆ,
ಹೈದರಾಬಾದಿನ ಇಡ್ಲಿ ಬಂಡಿಗೂ ಗೊತ್ತಾಗುತ್ತದೆ.
ಮುಚ್ಚಿಟ್ಟರೆ ಪೇಟೆಗೆ ಕಣ್ಣು ಹೋಗುತ್ತದೆ.

ನನಗೆ ನಗು ಬಂತು.
ನಮ್ಮಪ್ಪ ಬೂದೆಪ್ಪ, ದನದ ಸಂತೆಯ ದಲಾಲಿ.
ಮೂವತ್ತು ವರ್ಷದಲ್ಲಿ ಒಂದು ದರವನ್ನೂ ಬಾಯಿಬಿಟ್ಟವನಲ್ಲ.
ಹೆಗಲ ಟವೆಲ್ಲು ಇಬ್ಬರ ಕೈಮೇಲೆ ಬೀಳುತ್ತದೆ,
ಒಳಗೆ ಬೆರಳು ಬೆರಳನ್ನು ಹಿಡಿಯುತ್ತದೆ,
ನಾಲ್ಕು ಹಿಡಿದರೆ ನಾಲ್ಕು, ಗೆಣ್ಣು ಒತ್ತಿದರೆ ಅರ್ಧ.
ಮೇಲೆ ಮುಖಗಳು ಮಳೆಯ ಮಾತಾಡುತ್ತಿರುತ್ತವೆ.
"ದರಕ್ಕೂ ದೃಷ್ಟಿ ಆಗ್ತದ ಮಗಳ" ಅಂತಾನೆ.

ಇದನ್ನೇ ಎದ್ದು ನಿಂತು ಹೇಳಿದೆ. ಹಾಲು ಗೊಳ್ಳೆಂದಿತು.
ಮೇಡಂ ಹತ್ತಿರ ಬಂದು, ಸೆರಗು ಚಾಚಿ,
"ತೋರಿಸು" ಅಂದರು.
ಅವರ ಬೆರಳಿಗೆ ಸೀಮೆಸುಣ್ಣ ಮೆತ್ತಿತ್ತು.
"ಯಾರೂ ಯಾರ ಕೈ ತಿರುಚಲಿಲ್ಲ,
ಇಬ್ಬರೂ ಒಪ್ಪಿದರು, ಇಬ್ಬರೂ ಗೆದ್ದರು. ನೋಡಿದಿರಾ?"
ಆಗ ಹಿಂದಿನ ಬೆಂಚಿನಿಂದ,
ಅಲ್ಲಿಯವರೆಗೆ ತುಟಿ ಬಿಚ್ಚದ ದೇವದುರ್ಗದ ಹುಲಿಗೆಮ್ಮ:
"ಎತ್ತನ್ನ ಯಾರು ಕೇಳಿದ್ರಿ, ಮೇಡಂ?"

ಕೂಲರಿನ ನೀರು ತೊಟ್ಟಿಕ್ಕುವುದು ಕೇಳಿಸಿತು.
ಮೇಡಂ ಬೋರ್ಡಿಗೆ ತಿರುಗಿ, ಏನೋ ಬರೆಯಹೋಗಿ, ನಿಂತು,
"ಯಾರೂ ಎತ್ತಾಗಬಾರದು ಅಂತಲೇ
ಈ ವಿಚಾರವೆಲ್ಲ ಶುರುವಾದದ್ದು" ಅಂದರು.
"ನಡುವೆ ಎಲ್ಲೋ ಸಂತೆಯ ಗದ್ದಲ ಹೆಚ್ಚಾಯಿತು."
ಅವತ್ತು ಪಾಠ ಹತ್ತು ನಿಮಿಷ ಮೊದಲೇ ಮುಗಿಯಿತು.

ಕಡೆಯ ದಿನದ ಸರ್ಟಿಫಿಕೇಟಿನಲ್ಲಿ
ಅಪ್ಪನ ಹೆಸರಿಗೆ ಒಂದು ಒತ್ತು ಕಡಿಮೆ.
ಕರೆದೊಯ್ಯಲು ಬಂದ ಅವನಿಗೆ ತೋರಿಸಲಿಲ್ಲ.
ಬಸ್‌ಸ್ಟ್ಯಾಂಡಿನ ಕಲ್ಲು ಇನ್ನೂ ಸುಡುತ್ತಿತ್ತು.
"ಗುರುವಾರ ಬಂದು ತಿರುಗಿ ಹೋದ್ರು.
ಮತ್ತ ಬರ್ತಾರಂತ" ಅಂದ, ರಸ್ತೆ ನೋಡುತ್ತ.

ಅವನ ಹೆಗಲಿನ ಟವೆಲ್ಲು ಎಳೆದು
ನಮ್ಮಿಬ್ಬರ ಕೈಮೇಲೆ ಹಾಸಿದೆ.
ಬೆಚ್ಚಿದ. ಕೈ ಹಿಂದೆಳೆಯಲಿಲ್ಲ.
ಎರಡು ಬೆರಳು ಹಿಡಿದೆ. ಎರಡು ವರ್ಷ, ಎಂ.ಎ.
ಅವನು ನನ್ನ ಒಂದೇ ಬೆರಳು ಹಿಡಿದ.
ನಾನು ಮತ್ತೆ ಎರಡು, ಬಿಗಿಯಾಗಿ.
ಮೇಲೆ ನಾವು ಬಿಸಿಲಿನ ಮಾತಾಡುತ್ತಿದ್ದೆವು,
ಪಕ್ಕದ ಮುದುಕ ಹೌದ್ಹೌದು ಅನ್ನುತ್ತಿದ್ದ.

ಲಿಂಗಸುಗೂರಿನ ಬಸ್ಸು ಬಂತು. ಜನ ನುಗ್ಗಿದರು.
ಟವೆಲ್ಲಿನ ಕೆಳಗೆ ಅವನ ಹೆಬ್ಬೆರಳು
ನನ್ನ ಗೆಣ್ಣುಗಳ ಮೇಲೆ ಓಡಾಡುತ್ತಿತ್ತು,
ಎಣಿಸುತ್ತಿದ್ದನೋ, ಸವರುತ್ತಿದ್ದನೋ.
ಬಸ್ಸು ಹೋಯಿತು.
ಇಬ್ಬರೂ ಏಳಲಿಲ್ಲ.