ತೇಲುಗೆರೆ

ಇಪ್ಪತ್ತಾರು ವರ್ಷ ಕೂತೇ ದುಡಿದವನು ನಾನು,
ಗೆಂಟ್‌ನಿಂದ ಬ್ರೂಜ್‌ಗೆ ಹೋಗುವ ಕಾಲುವೆಯಲ್ಲಿ
ನೀರುಕದ ಕಾಯುವವನು.
ಗಾಜಿನ ಗೂಡು, ತಿರುಗುವ ಕುರ್ಚಿ,
ಒಂದು ಹಸಿರು ಗುಂಡಿ, ಒಂದು ಕೆಂಪು.
ಒತ್ತಿದರೆ ಕದ ತೆರೆಯುತ್ತದೆ,
ಮರಳು ತುಂಬಿದ ದೋಣಿ
ಗಬ್ಬದ ಹಸುವಿನ ಹಾಗೆ ಮೆಲ್ಲಗೆ ಒಳಬರುತ್ತದೆ.
ಹೊರೆ ಎಷ್ಟೆಂದು ಯಾರೂ ಹೇಳಬೇಕಿಲ್ಲ ನನಗೆ:
ಪಕ್ಕೆಯ ಮೇಲೆ ಬಳಿದ ಬಿಳಿ ಗೆರೆ
ನೀರಿಗೆಷ್ಟು ಇಳಿದಿದೆ ನೋಡಿದರೆ ಸಾಕು.

ನನ್ನ ಗೆರೆ ಡಾಕ್ಟರ ಕಣ್ಣಿಗೆ ಬಿದ್ದದ್ದು ಫೆಬ್ರವರಿಯಲ್ಲಿ.
ನೂರ ಹದಿನೆಂಟು ಕಿಲೋ.
"ಫ್ಲೋರ್, ಮೊಮ್ಮಗಳು ಶಾಲೆಗೆ ಹೋಗುವುದು ನೋಡಬೇಕೋ,
ಕರಿದ ಆಲೂಗಡ್ಡೆ ಬೇಕೋ?"
ಎರಡೂ ಬೇಕು ಅಂದೆ.
ಆಕೆ ನಗಲಿಲ್ಲ.

ಷೆಡ್ಡಿನ ಮೂಲೆಯಲ್ಲಿ ಮಗನ ಹಳೆಯ ಸೈಕಲ್ಲು,
ಕಡ್ಡಿಗೂ ಕಡ್ಡಿಗೂ ನಡುವೆ ಜೇಡನ ಸಂಸಾರ.
ಒರೆಸಿದೆ, ಎಣ್ಣೆ ಬಿಟ್ಟೆ, ಏರಿದೆ.
ಸೀಟು ಸಣ್ಣದೋ ನಾನು ದೊಡ್ಡವನೋ,
ಆ ತಕರಾರು ಮೊದಲ ವಾರ ಮುಗಿಯಲೇ ಇಲ್ಲ.
ಪ್ರತಿ ಸುತ್ತಿಗೂ ಮೊಣಕಾಲು ಹೊಟ್ಟೆಗೆ ಬಡಿಯುತ್ತಿತ್ತು,
ಸಾಲ ಕೊಟ್ಟವನು ಬಾಗಿಲು ಬಡಿದ ಹಾಗೆ.

ಬೆಟ್ಟವಿಲ್ಲ ನಮ್ಮ ಸೀಮೆಯಲ್ಲಿ.
ಬೆಟ್ಟದ ಕೆಲಸವನ್ನೆಲ್ಲ ಗಾಳಿಗೆ ವಹಿಸಿದ್ದಾರೆ.
ಹೋಗುವಾಗ ಎದುರು, ಬರುವಾಗಲೂ ಎದುರು;
ಇದು ಹೇಗೆಂದು ನಲವತ್ತು ವರ್ಷ ತುಳಿದವರನ್ನು ಕೇಳಿ,
ಭುಜ ಕುಣಿಸಿ ಮುಂದೆ ಹೋಗುತ್ತಾರೆ.
ಮೂರನೆಯ ಕಿಲೋಮೀಟರಿಗೆ ಪಾಪ್ಲರ್ ಮರವೊಂದನ್ನು ಅಪ್ಪಿ
ಉಸಿರಿಗಾಗಿ ಬಾಯ್ತೆರೆದು ನಿಂತೆ,
ದಂಡೆಗೆ ಎಳೆದು ಹಾಕಿದ ಮೀನಿನಂತೆ.

ಆಗ, ಹಿಂದಿನಿಂದ, ಟ್ರಿಣ್.
"ಬೆಳಗಾಯ್ತಾ ಫ್ಲೋರ್?"
ಗೊಡೆಲೀವ. ಎಪ್ಪತ್ತೊಂಬತ್ತು.
ತಲೆಗೆ ಹೂವಿನ ರುಮಾಲು, ಬುಟ್ಟಿಯಲ್ಲಿ ಲೀಕ್ ಸೊಪ್ಪು,
ಬೆನ್ನು ನೆಟ್ಟಗೆ, ಇಗರ್ಜಿಯಲ್ಲಿ ಕೂತ ಹಾಗೆ.
ಬೆವರಿಲ್ಲ, ಏದುಸಿರಿಲ್ಲ.
ಸರ್ರನೆ ದಾಟಿ ತಿರುವಿನಲ್ಲಿ ಮರೆಯಾದಳು.

ಅವತ್ತೇ ಶಪಥ.
ಮಾರ್ಚಿನಲ್ಲಿ ಅವಳ ರುಮಾಲಿನ ಬಣ್ಣ ಮಾತ್ರ ಕಂಡೆ.
ಏಪ್ರಿಲ್‌ನಲ್ಲಿ ಹೂಗಳನ್ನು ಎಣಿಸಬಲ್ಲವನಾದೆ.
ಮೇ ತಿಂಗಳ ಮಳೆಯಲ್ಲಿ, ಹಾಳಾದ ಹಟದಲ್ಲಿ,
ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದೆ.
ಹೆಂಡತಿ ಕೇಳಿದಳು, "ಯಾರೋ ಅವಳು?"
"ಗೊಡೆಲೀವ" ಎಂದೆ. ಹೊಟ್ಟೆ ಹಿಡಿದು ನಕ್ಕಳು,
ನಾನು ಬಿಟ್ಟ ಹೊಟ್ಟೆಯ ಲೆಕ್ಕಕ್ಕೂ ಸೇರಿಸಿ.

ಜುಲೈನಲ್ಲಿ ದೋಣಿಯ ತೀಸ್ ಕಿಟಕಿಯಿಂದ ಕೂಗಿದ:
"ಏನು ಫ್ಲೋರ್, ಮೇಲೆ ತೇಲ್ತಾ ಇದೀಯಲ್ಲ!
ಸರಕು ಎಲ್ಲಿ ಇಳಿಸಿದೆ?"
"ದಾರಿಯುದ್ದಕ್ಕೂ," ಅಂದೆ, "ಚೂರು ಚೂರು."

ಆಗಸ್ಟ್ ಒಂಬತ್ತು, ಬೆಳಿಗ್ಗೆ ಏಳೂ ಹತ್ತು.
ಕಬ್ಬಿಣದ ಸೇತುವೆಯ ಏರಿನಲ್ಲಿ
ಅವಳ ಹಿಂದಿನ ಚಕ್ರಕ್ಕೆ ನನ್ನ ಮುಂದಿನ ಚಕ್ರ ಮುಟ್ಟುವಷ್ಟು ಹತ್ತಿರ.
ಎದೆ ತಮಟೆ. ಕಣ್ಣಿಗೆ ಉಪ್ಪು.
ಆಗ ಕೇಳಿಸಿತು
ಸಣ್ಣಗೆ, ಜೇನುನೊಣದ ಹಾಗೆ, ಒಂದು ಗುಂಯ್.
ಸೀಟಿನ ಕೆಳಗೆ ಕರಿಯ ಡಬ್ಬಿ. ಹಸಿರು ದೀಪ.

ನಿಂತುಬಿಟ್ಟೆ.
ಹನ್ನೊಂದು ಕಿಲೋ ನಾನು ಇಳಿದದ್ದು
ಒಂದು ಬ್ಯಾಟರಿಯ ಬೆನ್ನು ಹತ್ತಿ!
ಅವಳೂ ನಿಂತಳು. "ಯಾಕಪ್ಪ, ಗೊತ್ತಿರಲಿಲ್ವಾ?"
ಲಂಗ ಮೇಲೆತ್ತಿ ಎರಡೂ ಮಂಡಿಯ ಹೊಲಿಗೆ ತೋರಿಸಿದಳು.
"ಒಳಗೆ ಉಕ್ಕು. ಹೊರಗೆ ಕರೆಂಟು. ಉಳಿದದ್ದು ನಾನು."
ಬೈಯೋಣವೆಂದರೆ ಬಾಯಲ್ಲಿ ಉಸಿರಿಲ್ಲ,
ನಗುವುದಕ್ಕಷ್ಟೇ ಸಾಕಾಯಿತು.

ಅಲ್ಲಿಂದೀಚೆಗೆ ಮುಳ್ಳು ನೂರ ಏಳರಲ್ಲೇ ಕೂತಿದೆ,
ಹೂಳಿಗೆ ತಾಗಿದ ದೋಣಿಯಂತೆ.
ಶನಿವಾರದ ಆಲೂಗಡ್ಡೆಯ ಪಾಲೂ ಇದೆ, ಒಪ್ಪುತ್ತೇನೆ.
ಸೆಪ್ಟೆಂಬರ್ ಒಂದರಂದು ಫೀನ್‌ಳ ಪುಟ್ಟ ಚೀಲ
ನನ್ನ ಹ್ಯಾಂಡಲಿಗೆ ತೂಗಿಹಾಕಿಕೊಂಡು
ಶಾಲೆಯ ಗೇಟಿನವರೆಗೆ ತುಳಿದೆ;
ಅವಳು ಹಿಂದಿನ ಸೀಟಿನಲ್ಲಿ ಕೂತು
ನನ್ನ ಬೆನ್ನಿನ ಬೆವರಲ್ಲಿ ಬೆರಳಿಂದ ಏನೋ ಬರೆಯುತ್ತಿದ್ದಳು.

ಗೊಡೆಲೀವ ಈಗ ಮೋಟಾರು ಆರಿಸಿ ಜೊತೆಗೆ ತುಳಿಯುತ್ತಾಳೆ,
ಲೀಕ್ ಸೊಪ್ಪಿನ ಸಾರು ಮಾಡುವುದು ಹೇಗೆಂದು ಹೇಳುತ್ತ.
ಸೇತುವೆ ಬಂದಾಗ ಮಾತ್ರ, ಬೇಕೆಂತಲೇ,
ಟಕ್ ಎಂದು ಗುಂಡಿ ಒತ್ತುತ್ತಾಳೆ.
ಗುಂಡಿ ಒತ್ತುವ ಸುಖ ನನಗೆ ಗೊತ್ತಿಲ್ಲವೇ.
ಬೈಯುತ್ತ, ತುಳಿಯುತ್ತ,
ಹೋಗುತ್ತಿದ್ದೇನೆ ಆ ರುಮಾಲಿನ ಹಿಂದೆ.