ಅಡ್ಡಹೆಸರು

ಆ ದಪ್ಪ ಪುಸ್ತಕವನ್ನು ನಾನು ನಂಬಿದ್ದೆ,
ಅಡಿಟಿಪ್ಪಣಿಗಳೇ ನಾಲ್ಕುನೂರಾ ಹನ್ನೆರಡು ಇದ್ದವಲ್ಲ.
ಹೆನ್ರಿಯ ಅಡುಗೆಮನೆಗೆ ಎಷ್ಟು ಹಂಸ ಬಂದವು,
ಯಾವ ರಾಣಿಯ ಒಡವೆ ಯಾವ ತಾರೀಖು ಖಜಾನೆಗೆ ವಾಪಸಾಯಿತು,
ಎಲ್ಲಕ್ಕೂ ರುಜುವಾತು.
ಮೂವತ್ತೊಂದು ವರ್ಷ ಬೀದರಿನ ರೆಕಾರ್ಡ್ ರೂಮಿನಲ್ಲಿ
ಕೆಂಪು ಬಟ್ಟೆಯ ಗಂಟು ಬಿಚ್ಚಿ ಕಟ್ಟಿದವನಿಗೆ
ತಾರೀಖು ಕಂಡರೆ ಹೊಟ್ಟೆ ತುಂಬುತ್ತದೆ.

ಮಂಗಲಪೇಟೆಯ ಸುಲೋಚನಾ ಸಿಸ್ಟರಿಗೆ ಹಾಗಲ್ಲ.
ಅವರಿಗೆ ಕಾದಂಬರಿ ಬೇಕು.
ಮುಖಪುಟದಲ್ಲಿ ಕುತ್ತಿಗೆಯಿಂದ ಕೆಳಗೆ ಬರೇ ರೇಷ್ಮೆ,
ಮುತ್ತಿನ ಸರ, ಮೇಲೆ ಮುಖವಿಲ್ಲ.
"ಏನ್ರಿ ಸಿಸ್ಟರ್, ಕತ್ತಿ ಬರೋಕಿಂತ ಮೊದಲೇ
ಚಿತ್ರ ತಗದಾವನೇ ತಲಿ ಹಾರಿಸ್ಯಾನ" ಅಂದೆ.
ನಗಲಿಲ್ಲ ಅವರು. ಸುಶೀಲಾ ಚಾದ ಪುಡಿ ತರುವುದು ಮರೆತಿದ್ದಳು,
ಆ ಸಿಟ್ಟೂ ಇತ್ತು.

"ನಿಮ್ಮ ಪುಸ್ತಕದಾಗ ಇದು ಎಷ್ಟು ಸಾಲು ಅದ ನೋಡ್ರಿ:
ಜನವರಿ, ರಾಣಿಗೆ ಗರ್ಭ ಇಳೀತು, ಗಂಡು."
ಎಣಿಸಿದೆ. ಒಂದೂವರೆ.
"ನೀರು ಯಾರು ಕಾಸಿದ್ರು? ಬಟ್ಟಿ ಯಾರು ಒಗದ್ರು?
ಬಾಗಲ ಹೊರಗ ನಿಂತವ ಮೊದಲು ಏನು ಕೇಳಿದ,
ಅದು ನನಗ ಯಾವ ಕಾಗದ ಇಲ್ಲದೇ ಗೊತ್ತದ.
ಇಪ್ಪತ್ತಾರು ವರ್ಷ ಆ ಬಾಗಲ ತಗದಾಕಿ ನಾನೇ."

ಆದರೂ ಬಿಡಲಿಲ್ಲ ನಾನು.
ನಡುರಾತ್ರಿ ರಾಣಿ ಆಡಿದ ಮಾತು ಕಾದಂಬರಿಕಾರನಿಗೆ
ಯಾರು ಬಂದು ಹೇಳಿದರು? ಸಾಕ್ಷಿ ಎಲ್ಲಿ?
"ನೀವು ಬರೆದ ಪಂಚನಾಮಾಕ್ಕ ಸಾಕ್ಷಿ ಇತ್ತೇನ್ರಿ?"
ಐದು ಸಹಿಯಲ್ಲಿ ಎರಡು ಒಮ್ಮೊಮ್ಮೆ ನನ್ನ ಎಡಗೈಯವು.
ಚಾ ಇಲ್ಲದ ಲೋಟ ತಿರುಗಿಸುತ್ತ ಕೂತೆ.

ಆಮೇಲೆ ಮೇರಿಯ ಮಾತು ಬಂತು, ಹೆನ್ರಿಯ ಹಿರಿಮಗಳು.
ತೊಟ್ಟಿಲು ಸಿಂಗರಿಸಿದ್ದರು. ಮಗು ಹುಟ್ಟಿತೆಂದು
ಲಂಡನ್ನಿನಲ್ಲಿ ಗಂಟೆಯೂ ಬಾರಿಸಿತ್ತು.
ಮಗು ಇರಲೇ ಇಲ್ಲ. ಹೊಟ್ಟೆ ತಾನಾಗಿಯೇ ಇಳಿಯಿತು.
"ಚಿಟಗುಪ್ಪದಿಂದ ಒಬ್ಬಾಕಿ ಬಂದಿದ್ಳು ಹಿಂಗೇ.
ಉಣ್ಣೀ ಟೋಪಿ ಹೆಣಕೊಂಡು ತಂದಿದ್ಳು, ಹಳದೀದು.
ಹೋಗೋವಾಗ ಮಂಚದ ಕೆಳಗೇ ಬಿಟ್ಟು ಹೋದ್ಳು."

ಆದರೆ ಸಿಸ್ಟರ್, ಮುನ್ನೂರರ ಸಮೀಪ ಮಂದಿಯನ್ನು ಸುಟ್ಟಾಳಲ್ಲ.
"ಸುಟ್ಟಾಳ. ನಮ್ಮ ಪೈಕಿಯವರನ್ನೇ ಸುಟ್ಟಾಳ. ಮಾಫ್ ಮಾಡ್ರಿ ಅಂದೇನು ನಾ?
ಅವರಪ್ಪ ಕೊಲ್ಲಿಸಿದ್ದು ಕಡಿಮಿ ಏನು?
ಅವನಿಗೆ ಬರೇ ನಂಬರು, ಎಂಟನೇದಾವ.
ಇಕಿಗೆ ಮಾತ್ರ ಯಾಕ ಹೆಸರಿನ ಮುಂದ ರಕ್ತ?"

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ
ಇಲಿಯಾಸನ ಆಟೋದಲ್ಲಿ ಅಷ್ಟೂರಿಗೆ ಹೋದೆವು.
ಹುಮಾಯೂನ್ ಬಹಮನಿಯ ಗುಮ್ಮಟ ಅರ್ಧವೇ ನಿಂತಿದೆ,
ಕಚ್ಚಿ ಬಿಟ್ಟ ಪೇರಲದ ಹಾಗೆ.
"ಜಾಲಿಮ್ ಬಾದಶಾ, ಅದಕ್ಕೇ ಬಿಜಲಿ ಬಿತ್ತು" ಅಂದ ಇಲಿಯಾಸ.
ಬಾಡಿಗೆಯಲ್ಲೇ ಸೇರಿದ ಕಥೆ ಅದು.
ಸಣ್ಣವನಿದ್ದಾಗ ನಾನೂ ಆ ಗೋರಿಗೆ ಕಲ್ಲು ಒಗೆದವನು,
ಪುಣ್ಯ ಬರುತ್ತದೆಂದು.

"ಜಾಲಿಮ್ ಅಂತ ಬರೆದಿಟ್ಟವ ಯಾವ ಕಾಲದಾವ?"
ಇವನು ಸತ್ತು ನೂರು ವರ್ಷ ದಾಟಿದ ಮೇಲಿನವನು, ಅಂದೆ.
ನನ್ನ ದನಿ ರೆಕಾರ್ಡ್ ರೂಮಿನ ದನಿಯಾಗಿರಲಿಲ್ಲ.
"ಸಿಡಿಲು ಯಾವ ಪುಸ್ತಕ ಓದಿತ್ತಂತ?"
ಉತ್ತರ ಯಾರಿಗೂ ಬೇಕಿರಲಿಲ್ಲ. ಮೇಕೆಯೊಂದು ಒಳಗೆ ನಿಂತು
ಆಕಾಶ ನೋಡುತ್ತಿತ್ತು.
ಒಡೆದ ಕಡೆ ಇಟ್ಟಿಗೆಯ ಸಾಲು ಸಾಲು ಕಾಣುತ್ತವೆ,
ಕೈಗೆ ಸಿಕ್ಕಂತೆ ತುಂಬಿದ ಗಾರೆ.
ಪಕ್ಕದ ಇಡೀ ಗುಮ್ಮಟಗಳು ಏನನ್ನೂ ತೋರಿಸುವುದಿಲ್ಲ.

ಆ ರಾತ್ರಿ ಅವರ ಕಾದಂಬರಿ ತೆರೆದೆ.
ಖಾಲಿ ತೊಟ್ಟಿಲನ್ನು ಒಳಗಿಡಲು ಮೇರಿ ಹೇಳುವ ಪುಟ.
ದಾಸಿಯೊಬ್ಬಳು ಕಾಲಿನಿಂದ ಅದನ್ನು ತಡೆದು ನಿಲ್ಲಿಸುತ್ತಾಳೆ,
ತೂಗಾಡದ ಹಾಗೆ.
ಅಂಚಿನಲ್ಲಿ ಪೆನ್ಸಿಲಿನಿಂದ, ಹಳೇ ಚಾಳಿ,
"ದಾಖಲೆ ಇಲ್ಲ" ಎಂದು ಬರೆದೆ.
ದೀಪ ಆರಿಸಿದೆ. ಮತ್ತೆ ಹಚ್ಚಿ ಅಳಿಸಿದೆ.
ಕಾಗದ ಅಲ್ಲಿ ತುಸು ತೆಳುವಾಗಿದೆ,
ಸಿಸ್ಟರ್ ಕೇಳಿದರೆ ಹೇಳಬೇಕು.